ಪ್ಲೇಟ್ ಇಲ್ಲದೆ ಕೂಡಿದ ಕಾಲರ್ ಬೋನ್: ನನ್ನ ಅನುಭವ

ಮುರಿದಿದ್ದ ನನ್ನ ಕಾಲರ್ ಬೋನ್ (ಭುಜದಿಂದ ಎದೆಯ ನಡುವಿನವರೆಗಿನ ಕೊರಳೆಲುಬು) ಆಪರೇಷನ್ ಮಾಡಿ ಲೋಹದ ಪ್ಲೇಟ್ ಹಾಕಿಸದೆಯೇ ಕೊನೆಗೂ ಕೂಡಿತು. ಸಿ.ಟಿ. ಸ್ಕ್ಯಾನ್ ರಿಪೋರ್ಟ್ ಕೈಯಲ್ಲಿದೆ. "ಇದು ಆಗೋ ಮಾತಲ್ಲ ಗುರೂ, ಸುಮ್ನೆ ಪ್ಲೇಟ್ ಹಾಕಿಸ್ಕೊ" ಅಂತ ಮೈಸೂರಿನ ನಮ್ಮ ಸೈಕಲ್ ಗುಂಪಿನಲ್ಲಿ ಹೇಳದವರೇ ಇರಲಿಲ್ಲ. ಅವರೆಲ್ಲ ಓದಲಿ ಅಂತಲೇ ಬರೆಯುತ್ತಿದ್ದೇನೆ.

ಬಿದ್ದ ಕಥೆ ಬೇಡ. ಚಾಮುಂಡಿ ಬೆಟ್ಟದ ಇಳಿಜಾರು, ತಿರುವಿನಲ್ಲಿ ಮರಳು, ಎಡಭುಜ ನೆಲಕ್ಕೆ. ಮೂಳೆ ನಡುಮಧ್ಯ ಮುರಿದಿತ್ತು. ಒಳಗಿನ ತುಂಡನ್ನು ಕತ್ತಿನ ಸ್ನಾಯು ಮೇಲಕ್ಕೆ ಎಳೆದಿತ್ತು, ಹೊರಗಿನದು ತೋಳಿನ ಭಾರಕ್ಕೆ ಕೆಳಗೆ ಜಗ್ಗಿತ್ತು. ಒಂದರ ಮೇಲೊಂದು ಹತ್ತಿ ಒಂದೂವರೆ ಸೆಂಟಿಮೀಟರ್‌ನಷ್ಟು ಗಿಡ್ಡವಾಗಿತ್ತು. 2 ಸೆಂಟಿಮೀಟರ್ ದಾಟಿದರೆ ಸಾಮಾನ್ಯವಾಗಿ ಆಪರೇಷನ್ ಅನ್ನುತ್ತಾರೆ. ನನ್ನದು ಹೇಗೆ ಬೇಕಾದರೂ ಹೇಳಬಹುದಾದ ಕೇಸು.

ಮೊದಲ ಆಸ್ಪತ್ರೆಯಲ್ಲಿ ಒಂದೂವರೆ ಲಕ್ಷದ ಹತ್ತಿರ ಎಸ್ಟಿಮೇಟ್ ಕೊಟ್ಟರು. ಮುಂದೆ ಪ್ಲೇಟ್ ಚುಚ್ಚಿದರೆ ತೆಗೆಸಲು ಇನ್ನೊಂದು ಐವತ್ತು ಸಾವಿರ. ಎರಡನೇ ಡಾಕ್ಟರು ವಯಸ್ಸಾದವರು. "ಮೂಳೆ ಚರ್ಮವನ್ನು ಎತ್ತಿ ಹಿಡಿದಿಲ್ಲ, ಕೈ ಜೋಮಿಲ್ಲ, ರಕ್ತ ಸರಿಯಾಗಿ ಓಡ್ತಿದೆ. ಕಾಯಬಹುದು. ಆದ್ರೆ ಇಷ್ಟು ಸರಿದ ಮೂಳೆ 100ರಲ್ಲಿ ಸುಮಾರು 15 ಜನಕ್ಕೆ ಕೂಡೋದೇ ಇಲ್ಲ, ಗೊತ್ತಿರಲಿ" ಅಂದರು. ಅವರು ಹೇಳಿದ ಆ ಮೂರರಲ್ಲಿ ಒಂದು ಎಡವಟ್ಟಾಗಿದ್ದರೂ ನಾನೂ ಟೇಬಲ್ ಮೇಲೆ ಮಲಗುತ್ತಿದ್ದೆ.

ಗುಂಪಿನವರ ವಾದ ಒಂದೇ. ಸೈಕಲ್ ರೇಸರ್ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 2009ರ ಮಾರ್ಚ್‌ನಲ್ಲಿ ಕಾಲರ್ ಬೋನ್ ಮುರಿದುಕೊಂಡು, ಪ್ಲೇಟ್ ಹಾಕಿಸಿ, ಮೇ ತಿಂಗಳಲ್ಲಿ ಇಟಲಿಯ ಜಿರೋ ರೇಸಿಗೆ ಇಳಿದಿದ್ದ. ಸರಿ, ಅವನಿಗೆ ಅದೇ ಸಂಬಳ. ನನಗೆ ಸಂಬಳ ಕೊಡುವುದು ಬ್ಯಾಂಕು, ಅಲ್ಲಿ ಬಲಗೈ ಸಾಕು.

ಮೊದಲು ಎರಡೂ ಭುಜ ಹಿಂದಕ್ಕೆ ಎಳೆದು ಹಿಡಿಯುವ ಎಂಟರ ಆಕಾರದ ಬೆಲ್ಟ್ ತಂದೆ, ಆರೇಳು ನೂರು ರೂಪಾಯಿ. ಕಂಕುಳು ಕೊರೆಯಿತು, ಬೆರಳು ಮರಗಟ್ಟಿದವು. ಬಿಸಾಕಿದೆ. ಕೈಯನ್ನು ಕತ್ತಿಗೆ ತೂಗುಹಾಕುವ ಸಾಮಾನ್ಯ ಆರ್ಮ್ ಪೌಚೇ ಸಾಕು, ಮೂಳೆ ಕೂಡುವುದರಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಆದರೆ ಪೌಚ್ ಕಟ್ಟುವ ರೀತಿ ಇದೆಯಲ್ಲ, ಎಲ್ಲ ಕೆಡುವುದು ಅಲ್ಲೇ. ಜಾಸ್ತಿ ಜನ ಮಣಿಕಟ್ಟಿಗೆ ಭಾರ ಕೊಟ್ಟು ಮೊಣಕೈ ಜೋತಾಡಲು ಬಿಡುತ್ತಾರೆ. ಭಾರ ಹೊರಬೇಕಾದದ್ದು ಮೊಣಕೈ ಕೆಳಗೆ. ನಾನು ಹಳೇ ಪಂಚೆ ಮಡಿಸಿ ಮೊಣಕೈ ಮೂಲೆಗೆ ತುರುಕಿ, ಎರಡೂ ಭುಜ ಕನ್ನಡಿಯಲ್ಲಿ ಸಮ ಕಾಣುವವರೆಗೆ ಪಟ್ಟಿ ಎಳೆಯುತ್ತಿದ್ದೆ. ಮುರಿದ ಜಾಗದ ಕಟಕಟ ಅಲ್ಲಿಗೇ ಅರ್ಧ ನಿಂತಿತು. ಮೊದಲ ತಿಂಗಳು ರಾತ್ರಿ ಈಸಿ ಚೇರೇ ಹಾಸಿಗೆ.

ಸಿಗರೇಟು ಬಿಟ್ಟೆ. ದಿನಕ್ಕೆ ನಾಲ್ಕೋ ಐದೋ ಇತ್ತು. ಮೂಳೆ ಕೂಡುವುದು ತಡವಾಗಲು ಅದಕ್ಕಿಂತ ದೊಡ್ಡ ಕಾರಣ ನಮ್ಮ ಕೈಯಲ್ಲಿ ಇನ್ನೊಂದಿಲ್ಲ. ನೋವಿನ ಮಾತ್ರೆಯನ್ನೂ ಡಾಕ್ಟರನ್ನು ಕೇಳಿ ಪ್ಯಾರಸಿಟಮಾಲ್‌ಗೆ ಇಳಿಸಿದೆ. ವಿಟಮಿನ್ ಡಿ ನೋಡಿಸಿದರೆ 12ರ ಆಸುಪಾಸು, ತೀರಾ ಕಮ್ಮಿ! ಬೆಳಗಿನ ಜಾವ ಮೈತುಂಬ ಬಟ್ಟೆ ಹಾಕಿಕೊಂಡು ಓಡಾಡುವ ನಮಗೆ ಬಿಸಿಲೆಲ್ಲಿ ತಾಗಬೇಕು? ವಾರಕ್ಕೊಂದು 60,000 ಯೂನಿಟ್ ಸ್ಯಾಶೆ, ಎರಡು ತಿಂಗಳು, ಡಾಕ್ಟರ್ ಚೀಟಿ ಮೇಲೆ.

ಮೂರನೇ ತಿಂಗಳ ಎಕ್ಸ್‌ರೇಯಲ್ಲಿ ಮುರಿದ ಜಾಗದ ಕಪ್ಪು ಗೆರೆ ಹಾಗೇ ಇತ್ತು. "ನೋಡ್ದಾ?" ಅಂದರು ಎಲ್ಲರೂ. ಆದರೆ ಫಿಲ್ಮ್ ಯಾವಾಗಲೂ ಮೂಳೆಗಿಂತ ಹಿಂದೆ. ನಾನು ನಂಬಿದ್ದು ಬೆರಳನ್ನು. ಮಗ್ಗುಲಾದಾಗ ಬರುತ್ತಿದ್ದ ಕಟಕಟ ನಿಂತಿತ್ತು. ಮೊದಲು ಮುಟ್ಟಿದರೆ ಜೀವ ಹೋಗುತ್ತಿದ್ದ ಗಂಟು ಈಗ ಒತ್ತಿದರೂ ಮಂದವಾಗಿ ನೋಯುತ್ತಿತ್ತು, ಅಷ್ಟೇ. ಡಾಕ್ಟರೂ ಒತ್ತಿ, ತೋಳು ಅಲ್ಲಾಡಿಸಿ ನೋಡಿ, "ಅಂಟಿಕೊಳ್ತಿದೆ, ಆರು ತಿಂಗಳವರೆಗೆ ನೋಡೋಣ" ಅಂದರು. ಎಕ್ಸ್‌ರೇ ಪ್ರತಿಸಲ ಒಂದೇ ಕಡೆ, ಅದೇ ಕೋನದಲ್ಲಿ ತೆಗೆಸಿ. ಇಲ್ಲದಿದ್ದರೆ ಹೋಲಿಸುವುದಕ್ಕೇ ಬರುವುದಿಲ್ಲ.

ಈ ನಡುವೆ ಕೈ ಸುಮ್ಮನಿರಲಿಲ್ಲ. ಮೂಳೆ ಬೇಗ ಕೂಡಲಿ ಅಂತ ಅಲ್ಟ್ರಾಸೌಂಡ್ ಯಂತ್ರ ಬಾಡಿಗೆಗೆ ತಂದೆ, ದಿನಕ್ಕೆ 20 ನಿಮಿಷ. ಏಳೆಂಟು ಸಾವಿರ ಹೋಯಿತು. ಡಚ್ ಡಾಕ್ಟರುಗಳು ಹೊಸದಾಗಿ ಮುರಿದ ಕಾಲರ್ ಬೋನ್ ಮೇಲೇ ಇದನ್ನು ಪರೀಕ್ಷೆ ಮಾಡಿ, ಬೇಗ ಕೂಡುವುದಿಲ್ಲ ಅಂತ ಕಂಡುಕೊಂಡಿದ್ದಾರಂತೆ. ನನಗೂ ಏನೂ ತಿಳಿಯಲಿಲ್ಲ. ಮೂಳೆಗೆ ಒಳ್ಳೇದು ಅಂತ ಅತ್ತೆ ಮಂಗರವಳ್ಳಿ ಬಳ್ಳಿಯ ಚಟ್ನಿ ಮಾಡಿಕೊಟ್ಟರು. ಹುಣಸೆಹಣ್ಣು ಕಮ್ಮಿಯಾದರೆ ನಾಲಿಗೆ ತುರಿಸುತ್ತೆ, ಹುಷಾರು. ಅದರಿಂದಲೇ ಕೂಡಿತು ಅಂತ ಅವರು, ಸಿಗರೇಟು ಬಿಟ್ಟಿದ್ದರಿಂದ ಅಂತ ಹೆಂಡತಿ. ನಾನು ಇಬ್ಬರಿಗೂ ಹೂಂ ಅಂದಿದ್ದೇನೆ. ಆಂಧ್ರದ ಪುತ್ತೂರಿನ ನಾಟಿ ಮೂಳೆ ಕಟ್ಟಿಗೆ ಹೋಗು ಅಂದವರಿಗೆ ಮಾತ್ರ ಕೈಮುಗಿದೆ. ಭುಜಕ್ಕೆ ಬಿದಿರು ದಬ್ಬೆ ಕಟ್ಟುವುದಾದರೂ ಎಲ್ಲಿ?

ಎರಡನೇ ವಾರದಿಂದಲೇ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಕೂತೆ, ಡಾಕ್ಟರು ಹೂಂ ಅಂದಮೇಲೆ. ನೆಟ್ಟಗೆ ಕೂತು, ಎಡಗೈ ಪೌಚ್‌ನಲ್ಲಿ, ಹ್ಯಾಂಡಲ್ ಮೇಲೆ ಚೂರೂ ಭಾರವಿಲ್ಲ. ಅದಕ್ಕೆ ಸೀಟಿನ ಮುಂದೆ ನಾನು ಕಟ್ಟಿದ ಆಸರೆ ಹೇಗಿದೆ ಅಂತ ಇಲ್ಲಿ ಹೇಳುವುದಿಲ್ಲ, ಮನೆಗೆ ಬಂದರೆ ತೋರಿಸುತ್ತೇನೆ. ತೋಳು ಜೋಲಾಡಿಸುವ ವ್ಯಾಯಾಮ ಬೇಗ ಶುರು, ಆದರೆ ಭುಜದ ಮಟ್ಟಕ್ಕಿಂತ ಮೇಲೆ ಕೈ ಎತ್ತಿದ್ದು ಎರಡು ತಿಂಗಳು ಕಳೆದ ಮೇಲೆ. ಕಾಲಿನ ಶಕ್ತಿ ಹತ್ತು ಪರ್ಸೆಂಟೂ ಇಳಿಯಲಿಲ್ಲ. ಪ್ಲೇಟ್ ಹಾಕಿಸಿಕೊಂಡ ಗೆಳೆಯನೊಬ್ಬ ಮೊನ್ನೆ ಬೆಟ್ಟದಲ್ಲಿ ನನ್ನ ಹಿಂದೆಯೇ ಇದ್ದ, ಹೆಸರು ಬೇಡ.

ಆರನೇ ತಿಂಗಳಿಗೆ ಸಿ.ಟಿ. ಮಾಡಿಸಿದಾಗ ಎರಡು ತುಂಡಿನ ನಡುವೆ ಮೂಳೆ ಸೇತುವೆ ಕಟ್ಟಿತ್ತು. ಆಗಲೂ ಖಾಲಿ ಕಂಡಿದ್ದರೆ ಪ್ಲೇಟ್ ಜೊತೆ ಸೊಂಟದ ಮೂಳೆ ತೆಗೆದು ತುಂಬಬೇಕಾಗುತ್ತೆ ಅಂತ ಡಾಕ್ಟರು ಮೊದಲೇ ಹೇಳಿದ್ದರು, ನಾನೂ ಒಪ್ಪಿದ್ದೆ. ಒಟ್ಟು ಖರ್ಚು ಮೂವತ್ತು ಸಾವಿರದೊಳಗೆ, ಆ ಯಂತ್ರವೂ ಸೇರಿ. ರಜೆ ಲೆಕ್ಕ ಹಾಕಿಲ್ಲ. ಭುಜ ಒಂಚೂರು ಗಿಡ್ಡ, ಗಂಟು ಹಾಗೇ ಉಳಿದಿದೆ. ಬ್ಯಾಕ್‌ಪ್ಯಾಕ್ ಪಟ್ಟಿ ಸರಿಯಾಗಿ ಅದರ ಮೇಲೇ ಕೂರುತ್ತೆ, ಹಾಗಾಗಿ ಸಾಮಾನೆಲ್ಲ ಈಗ ಸ್ಯಾಡಲ್ ಬ್ಯಾಗಿಗೆ ಹೋಗಿದೆ. ಹಳೇ ಬ್ಯಾಕ್‌ಪ್ಯಾಕ್ ಯಾರಿಗಾದರೂ ಬೇಕಾ?