ವಸಂತದ ಚಾರಣ: ಬಿಸಿಲು ನೋಡಬೇಡಿ, ನೆರಳು ನೋಡಿ

"ಕೆಳಗೆ ಹೂವೆಲ್ಲ ಬಿಟ್ಟಿದೆ, ಮೇಲೆ ಇನ್ನೆಲ್ಲಿ ಹಿಮ?" ನನ್ನ ಜೊತೆ ಬೆಟ್ಟ ಹತ್ತುವವರಲ್ಲಿ ಒಬ್ಬರಾದರೂ ಹೀಗೆ ಕೇಳುತ್ತಾರೆ. ಲೆಕ್ಕ ಸುಲಭ. ಸಾವಿರ ಮೀಟರ್ ಮೇಲೇರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬುಡದಲ್ಲಿ 10 ಡಿಗ್ರಿ ಇದ್ದರೆ 1,500 ಮೀಟರ್ ಮೇಲೆ ಹೆಚ್ಚು ಕಡಿಮೆ ಸೊನ್ನೆ. ಗಾಳಿ ಬೀಸಿದರೆ ಇನ್ನೂ ಕೊರೆಯುತ್ತದೆ.

ಹಿಂದಿನ ದಿನ ನಾನು ನಕ್ಷೆ ಹರಡಿಕೊಂಡು ಕೂರುತ್ತೇನೆ. ಹುಡುಕುವುದು ನೆರಳಿನ ಜಾಗಗಳನ್ನು. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರು, ದಕ್ಷಿಣ ಗೋಳಾರ್ಧದಲ್ಲಿ ಇದರ ಉಲ್ಟಾ. ಜೊತೆಗೆ ಕಿರಿದಾದ ಕೊರಕಲುಗಳು, ದಟ್ಟ ಮರಗಳ ಕೆಳಗಿನ ದಾರಿ. ಬೇರೆಲ್ಲ ಕಡೆ ನೆಲ ಒಣಗಿದ್ದರೂ ಇಲ್ಲಿ ಹಿಮ ಉಳಿದಿರುತ್ತದೆ. ಆಮೇಲೆ ಹವಾಮಾನ ವರದಿಯಲ್ಲಿ ರಾತ್ರಿಯ ತಾಪಮಾನ ನೋಡುತ್ತೇನೆ, ಅದೂ ಮೇಲಿನ ಎತ್ತರದ್ದು. ಹಗಲು ಕರಗಿದ್ದು ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ಬೆಳಿಗ್ಗೆ ದಾರಿಯೆಲ್ಲ ಐಸ್. ಜನ ತುಳಿದು ತುಳಿದು ಗಟ್ಟಿ ಮಾಡಿದ ಜಾಗದಲ್ಲಂತೂ ಜಾರಿಕೆ ಜಾಸ್ತಿ, ಅದೇ ಕೊನೆಗೆ ಕರಗುವುದು ಕೂಡ.

ಈಗ ಕಾಲಿಗೆ ಏನು ಅನ್ನುವ ಮಾತು. ಒಳ್ಳೆಯ ಬೂಟು ಇದ್ದರೆ ಸಾಕು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಗಟ್ಟಿ ಐಸ್ ಮೇಲೆ ಎಂಥ ರಬ್ಬರೂ ಹಿಡಿಯುವುದಿಲ್ಲ. ಸಾಧಾರಣ ಏರಿಳಿತದ ದಾರಿಗೆ ಮೈಕ್ರೋಸ್ಪೈಕ್ ಸಾಕು. ರಬ್ಬರ್ ಪಟ್ಟಿ, ಸರಪಳಿ, ಚಿಕ್ಕ ಮೊಳೆಗಳು, ಬೂಟಿನ ಮೇಲೆ ಎಳೆದು ಹಾಕಿಕೊಂಡರೆ ಮುಗಿಯಿತು. ಮನೆಯಲ್ಲೇ ಒಮ್ಮೆ ಹಾಕಿ ನೋಡಿ. ಮರಗಟ್ಟಿದ ಬೆರಳಲ್ಲಿ ಮೊದಲ ಸಲ ಪ್ರಯೋಗ ಬೇಡ. ಹಾಕಿಕೊಳ್ಳುವುದು ಜಾರುವ ಜಾಗಕ್ಕೆ ಮುಂಚೆ, ಸಮತಟ್ಟಾದ ನೆಲದಲ್ಲಿ ನಿಂತು. ಇಳಿಜಾರಿನ ನಡುವೆ ಒಂಟಿ ಕಾಲಲ್ಲಿ ಕುಣಿಯುತ್ತಾ ಅಲ್ಲ!

ಆದರೆ ಜಾರಿದರೆ ನಿಲ್ಲಲು ಜಾಗವೇ ಇಲ್ಲದ ಕಡಿದಾದ ಹಿಮದ ಇಳಿಜಾರಿಗೆ ಮೈಕ್ರೋಸ್ಪೈಕ್ ಸಾಲದು. ಅಲ್ಲಿ ಕ್ರ್ಯಾಂಪಾನ್ (ಬೂಟಿಗೆ ಬಿಗಿಯುವ, ಉದ್ದ ಲೋಹದ ಹಲ್ಲುಗಳ ಚೌಕಟ್ಟು), ಐಸ್ ಆಕ್ಸ್ (ಹಿಮಕ್ಕೆ ಊರುವ ಚೂಪು ಕೊಡಲಿ) ಬೇಕು, ಬಳಸಲು ತರಬೇತಿಯೂ ಬೇಕು. ಸಲಕರಣೆ, ತರಬೇತಿ ಇವೆರಡರಲ್ಲಿ ಒಂದು ಇಲ್ಲದಿದ್ದರೂ ವಾಪಸ್ ಬನ್ನಿ. ಹಿಮಕುಸಿತಗಳು ಬಹುತೇಕ ಶುರುವಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಆ ಪ್ರದೇಶಕ್ಕೆ ಹಿಮಕುಸಿತದ ಮುನ್ಸೂಚನೆ ಸಿಗುತ್ತಿದ್ದರೆ ಓದಿಯೇ ಹೊರಡಿ. ಅಂಥ ಇಳಿಜಾರಿನ ಕೆಳಗೆ ಹಾದುಹೋಗುವವರಿಗೂ ಇದು ಅನ್ವಯಿಸುತ್ತದೆ.

ಸಮಯದ ವಿಷಯದಲ್ಲಿ ನಾನು ಸ್ವಲ್ಪ ಜೋರು. ಬೆಳಿಗ್ಗೆ ಬೇಗ ಹೊರಟರೆ ಗಟ್ಟಿ ಹಿಮದ ಮೇಲೆ ಸ್ಪೈಕ್ ಚೆನ್ನಾಗಿ ಕಚ್ಚುತ್ತದೆ. ಮಧ್ಯಾಹ್ನ ಅದೇ ಹಿಮ ಮೆತ್ತಗಾಗಿ ತೊಡೆಯವರೆಗೂ ಕಾಲು ಹೂತುಹೋಗಬಹುದು. ಒದ್ದೆ ಹಿಮ ಜರಿಯುವ ಸಾಧ್ಯತೆಯೂ ಆಗ ಹೆಚ್ಚುತ್ತದೆ. ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದ ತೊರೆ ಕರಗಿದ ನೀರಿನಿಂದ ಸಂಜೆ ಹೊತ್ತಿಗೆ ಉಕ್ಕಿರುತ್ತದೆ. ಬಂಡೆ, ಮರದ ಬುಡ, ತೊರೆ, ಇವುಗಳ ಪಕ್ಕದ ಹಿಮದಡಿ ಟೊಳ್ಳಿರುತ್ತದೆ. ಕೋಲಿನಿಂದ ಚುಚ್ಚಿ ನೋಡಿ. ಹಾಗಾಗಿ ತಿರುಗುವ ಹೊತ್ತನ್ನು ಹೊರಡುವ ಮೊದಲೇ ಎಲ್ಲರೂ ಸೇರಿ ನಿಗದಿ ಮಾಡಿ, ಮನೆಯವರಿಗೂ ತಿಳಿಸಿ. ಶಿಖರ ಎದುರಿಗೇ ಕಂಡಾಗ ಚರ್ಚೆಗೆ ಕೂತರೆ ಯಾರೂ ತಿರುಗುವುದಿಲ್ಲ, ಅಲ್ವಾ?

ಬಟ್ಟೆ ಬಗ್ಗೆ ಒಂದೇ ಮಾತು: ಹತ್ತಿ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಉಣ್ಣೆ ಅಥವಾ ಸಿಂಥೆಟಿಕ್, ಇನ್ನೊಂದು ಜೊತೆ ಕಾಲುಚೀಲ, ಗ್ಲೌಸ್, ಬೂಟಿನೊಳಗೆ ಹಿಮ ನುಗ್ಗದಂತೆ ಕಾಲಿಗೆ ಸುತ್ತುವ ಗೈಟರ್. ಚೀಲದಲ್ಲಿ ಹೆಡ್‌ಲ್ಯಾಂಪ್ ಇರಲಿ. ಕಪ್ಪು ಕನ್ನಡಕ ಶೋಕಿಗಲ್ಲ. ಹೊಸ ಹಿಮ ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಶೇ. 80ರಷ್ಟನ್ನು ಮುಖಕ್ಕೇ ತಿರುಗಿಸಬಲ್ಲದು, ಕಣ್ಣು ಸುಡುತ್ತದೆ. ಸನ್‌ಸ್ಕ್ರೀನನ್ನು ಗಲ್ಲದ ಕೆಳಗೆ, ಮೂಗಿನ ಅಡಿಯಲ್ಲೂ ಹಚ್ಚಿ.

ಫೋನ್ ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ನೀರಿನ ಬಾಟಲಿಯ ಮುಚ್ಚಳ ಬಿಗಿ ಮಾಡಿ ತಲೆಕೆಳಗಾಗಿ ಇಡಿ. ನೀರು ಹೆಪ್ಪುಗಟ್ಟುವುದು ಮೇಲಿನಿಂದ, ಹಾಗಿಟ್ಟರೆ ಕುಡಿಯುವ ಬಾಯಿ ಕಟ್ಟಿಕೊಳ್ಳುವುದಿಲ್ಲ.