ಅಂಬಾಸಿಡರ್, ಪದ್ಮಿನಿಯ ಮುಂದಿನ ಚಕ್ರ ಸದ್ದು ಮಾಡುತ್ತಿದ್ದರೆ

ಮುಂದಿನ ಚಕ್ರದಿಂದ ಸದ್ದು ಬಂತೆಂದರೆ ಗ್ಯಾರೇಜಿನಲ್ಲಿ ಮೊದಲು ಬೀಳುವ ಮಾತು, ‘ಬೇರಿಂಗ್ ಹೋಗಿದೆ, ಬಿಚ್ಚೋಣ.’ ಎಷ್ಟೋ ಸಲ ಹೋಗಿರುವುದು ಬೇರಿಂಗ್ ಅಲ್ಲ. ಅಂಬಾಸಿಡರ್, ಪದ್ಮಿನಿ ಎರಡರಲ್ಲೂ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ಈಗಿನ ಕಾರುಗಳ ಹಾಗೆ ಮುಂದೆ ಡ್ರೈವ್ ಶಾಫ್ಟ್ ಇಲ್ಲ. ಹಾಗಾಗಿ ಅನುಮಾನಪಡಬೇಕಾದ ಜಾಗಗಳು ನಾಲ್ಕೈದೇ: ಟೈರ್, ವೀಲ್ ಕ್ಯಾಪ್, ಬ್ರೇಕ್, ಕಿಂಗ್ ಪಿನ್ (ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಗೂಟ) ಸುತ್ತಮುತ್ತ, ಕೊನೆಗೆ ಬೇರಿಂಗ್. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಬೇರಿಂಗ್ ಇವತ್ತಿಗೂ ಸಿಗುತ್ತದೆ, ಸುತ್ತಿಗೆ ಏಟಿಗೆ ಹಾಳಾದ ಹಬ್ (ಬೇರಿಂಗ್ ಕೂರುವ ಚಕ್ರದ ನಡುಭಾಗ) ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಪಾನಾ ಹಿಡಿಯುವ ಮೊದಲು ಕಿವಿಗೆ ಕೆಲಸ ಕೊಡಿ.

ತುಮಕೂರಿನಲ್ಲಿ ಇದಕ್ಕೆ ಬಿ.ಎಚ್. ರಸ್ತೆ ಆಗದು, ಅಲ್ಲಿ ಪಕ್ಕದ ಬಸ್ಸಿನ ಸದ್ದೇ ಕೇಳುತ್ತದೆ. ಬೆಳಗ್ಗೆ ಬೇಗ ಶಿರಾ ಕಡೆಯ ಹೆದ್ದಾರಿಗೆ ಹೋಗಿ. ಕಿಟಕಿ ಇಳಿಸಿ, 50 ಕಿ.ಮೀ. ವೇಗ ಹಿಡಿದು, ಎಂಜಿನ್ ಆರಿಸದೆ ಒಂದು ಗಳಿಗೆ ನ್ಯೂಟ್ರಲ್‌ಗೆ ತನ್ನಿ. ಸದ್ದು ಹಾಗೇ ಇದ್ದು, ವೇಗ ಇಳಿದಂತೆ ತಾನೂ ಇಳಿದರೆ ಅದು ಎಂಜಿನ್‌ದಲ್ಲ, ಚಕ್ರದ ಕಡೆಯದು. ಡಾಂಬರಿನಿಂದ ಕಾಂಕ್ರೀಟಿಗೆ ಬಂದ ಕೂಡಲೇ ರಾಗ ಬದಲಾದರೆ ಟೈರಿನದು. ಬೇರಿಂಗಿಗೆ ರಸ್ತೆ ಯಾವುದಾದರೂ ಒಂದೇ, ರಾಗಿ ಬೀಸಿದ ಹಾಗೆ ಗುರ್ ಎನ್ನುತ್ತಲೇ ಇರುತ್ತದೆ.

ಯಾವ ಕಡೆಯದು ಎಂದು ತಿಳಿಯಲು ದೇವರಾಯನದುರ್ಗದ ತಿರುವುಗಳು ಹೇಳಿ ಮಾಡಿಸಿದಂತಿವೆ. ಎಡಕ್ಕೆ ತಿರುಗಿದಾಗ ಭಾರ ಬಲಚಕ್ರಕ್ಕೆ ಬೀಳುತ್ತದೆ. ಆಗ ಸದ್ದು ಹೆಚ್ಚಾದರೆ ಬಲಗಡೆಯ ಬೇರಿಂಗ್, ಬಲಕ್ಕೆ ತಿರುಗಿದಾಗ ಹೆಚ್ಚಾದರೆ ಎಡಗಡೆಯದು. ಬ್ರೇಕ್ ಮುಟ್ಟಿದಾಗ ಮಾತ್ರ ಸದ್ದು ಬಂದರೆ ಅಥವಾ ಬದಲಾದರೆ ಬ್ರೇಕ್ ಡ್ರಮ್ ಕಡೆ ನೋಡಿ.

ಚಕ್ರ ಒಂದು ಸುತ್ತಿಗೆ ಒಂದೇ ಸಲ ‘ಟಿಕ್’ ಎನ್ನುತ್ತಿದ್ದರೆ ಖರ್ಚಿಲ್ಲದ ಕಾರಣಗಳನ್ನು ಮೊದಲು ಹುಡುಕಿ. ವೀಲ್ ಕ್ಯಾಪ್ ತೆಗೆದು ಓಡಿಸಿ. ಟೈರಿನ ಗೀರಿನಲ್ಲಿ ಜಲ್ಲಿ ಸಿಕ್ಕಿದೆಯೇ, ವೀಲ್ ನಟ್ ಸಡಿಲವಿದೆಯೇ ನೋಡಿ. ಸ್ಪ್ಲಿಟ್ ಪಿನ್ನಿನ (ಹಬ್ ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಸೀಳು ಪಿನ್) ಕಾಲು ಉದ್ದವಾಗಿ ಗ್ರೀಸ್ ಕ್ಯಾಪಿನ ಒಳಮೈಗೆ ತಾಗಿದರೂ ಇದೇ ಸದ್ದು ಬರುತ್ತದೆ. ಕ್ಯಾಪಿನ ಒಳಗೆ ಉಂಗುರದಂಥ ಗೀರು ಕಂಡರೆ ಪಿನ್ ಕತ್ತರಿಸಿ ಮಡಚಿದರಾಯಿತು.

ಇನ್ನು ಜಾಕ್. ಹಿಂದಿನ ಚಕ್ರಗಳ ಎರಡೂ ಬದಿಗೆ ಕಲ್ಲು ಕೊಟ್ಟು, ಮುಂಭಾಗ ಎತ್ತಿ, ಸ್ಟ್ಯಾಂಡ್ ಇಟ್ಟ ಮೇಲೆಯೇ ಕೈ ಹಾಕಿ. ಬರೀ ಜಾಕ್ ನಂಬಿ ಕೆಳಗೆ ತಲೆ ತೂರಿಸಬೇಡಿ. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ‘ಲೊಡಲೊಡ’ ಅಂದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ, ಅಂದರೆ ಆ ಅಲುಗಾಟ, ನಿಂತರೆ ಅದು ಬೇರಿಂಗಿನದು. ಏಕೆಂದರೆ ಬ್ರೇಕ್ ಹಿಡಿದಾಗ ಡ್ರಮ್ಮೂ ಸ್ಟಬ್ ಆಕ್ಸಲ್ಲೂ (ಹಬ್ ತಿರುಗುವ ಗಿಡ್ಡ ಅಚ್ಚು) ಒಂದೇ ಆಗಿ, ನಡುವಿನ ಬೇರಿಂಗಿನ ಆಟಕ್ಕೆ ಜಾಗವಿರುವುದಿಲ್ಲ. ಬ್ರೇಕ್ ಒತ್ತಿದರೂ ಆಟ ಉಳಿದರೆ ಕಿಂಗ್ ಪಿನ್, ಬುಷ್ ಸವೆದಿವೆ, ಹೊಸ ಬೇರಿಂಗ್ ಹಾಕಿ ಫಲವಿಲ್ಲ. ಎಡ-ಬಲಕ್ಕೆ ಹಿಡಿದಾಗ ಮಾತ್ರ ಅಲುಗಿದರೆ ಸ್ಟಿಯರಿಂಗ್ ಕಡೆಯ ಟೈ ರಾಡ್ ಎಂಡ್ ನೋಡಿ.

ಆಮೇಲೆ ಚಕ್ರ ತಿರುಗಿಸಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ತಿರುಗದ ಭಾಗಕ್ಕೆ, ಅಂದರೆ ಬ್ಯಾಕ್ ಪ್ಲೇಟಿನ ಬೋಲ್ಟಿಗೆ ಒತ್ತಿ, ಹಿಡಿಗೆ ಕಿವಿ ಕೊಡಿ. ಒಳ್ಳೆಯ ಬೇರಿಂಗ್ ಬರೀ ಗಾಳಿಯಂತೆ ಸುಳಿಯುತ್ತದೆ, ಕೆಟ್ಟದ್ದು ಮರಳು ತುಳಿದಂತೆ ಕರಕರ ಎನ್ನುತ್ತದೆ. ಸುತ್ತಿಗೊಮ್ಮೆ ‘ಶುರ್’ ಎಂದು ಉಜ್ಜಿದರೆ ಬ್ರೇಕ್ ಅಡ್ಜಸ್ಟರ್ ಸಡಿಲಿಸಿ ಮತ್ತೆ ತಿರುಗಿಸಿ. ಸದ್ದು ಹೋದರೆ ಡ್ರಮ್ ಅಂಡಾಕಾರವಾಗಿದೆ, ಲೇತಿಗೆ ಕೊಡಬೇಕು.

ಬೇರಿಂಗೇ ಎಂದು ಖಚಿತವಾದ ಮೇಲೆ ಬಿಚ್ಚಿ. ಅಡ್ಜಸ್ಟರ್ ಸಡಿಲಿಸಿಯೇ ಡ್ರಮ್ ಎಳೆಯಿರಿ, ಇಲ್ಲವಾದರೆ ಸವೆದ ಡ್ರಮ್ಮಿನ ಅಂಚಿಗೆ ಬ್ರೇಕ್ ಶೂ (ಡ್ರಮ್ಮಿನ ಒಳಮೈಗೆ ಒತ್ತುವ ಕಮಾನು) ಸಿಕ್ಕಿಕೊಳ್ಳುತ್ತದೆ. ಒಳಗಿನ ದೂಳನ್ನು ಊದಬೇಡಿ. ಹಳೆಯ ಲೈನರುಗಳಲ್ಲಿ (ಶೂ ಮೇಲಿನ ಉಜ್ಜುಪಟ್ಟಿ) ಉಸಿರಿಗೆ ಕೆಡುಕಾದ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲವು ಹಳೆಯ ಕಾರುಗಳಲ್ಲಿ ಒಂದು ಬದಿಯ ಹಬ್ ನಟ್ಟಿಗೆ ಎಡಗಡೆ ಮರೆ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ತಿರುಪು) ಇರುತ್ತದೆ. ಬಲ ಹಾಕುವ ಮೊದಲು ಮರೆ ಯಾವ ಕಡೆಗಿದೆ ಎಂದು ಕಣ್ಣಲ್ಲೇ ನೋಡಿ.

ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಬೆಳಕಿಗೆ ಹಿಡಿಯಿರಿ. ಕಪ್ಪಿನ (ಬೇರಿಂಗಿನ ಹೊರ ಉಂಗುರ) ಮೈಯಲ್ಲಿ ಸಿಡುಬಿನ ಕಲೆಯಂಥ ಗುಳಿಗಳಿದ್ದರೆ ಆಯುಸ್ಸು ಮುಗಿದಿದೆ. ನೀಲಿ ತಿರುಗಿದ್ದರೆ ಗ್ರೀಸ್ ಒಣಗಿಯೋ ನಟ್ ಅತಿಯಾಗಿ ಬಿಗಿದೋ ಕಾದಿದೆ. ಕಂದು ಕಲೆ ಎಂದರೆ ನೀರು. ಮಳೆಗಾಲದಲ್ಲಿ ನೀರು ನಿಂತ ಅಂಡರ್‌ಪಾಸ್ ದಾಟಿದ ಕಾರುಗಳಲ್ಲಿ ಇದು ಸಾಮಾನ್ಯ, ಸೀಲ್ ಹೋಗಿರುತ್ತದೆ. ಬೇರಿಂಗ್ ಮೇಲೆ ಕೊರೆದ ನಂಬರ್ ಬರೆದುಕೊಂಡೇ ಅಂಗಡಿಗೆ ಹೋಗಿ, ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ. ‘ಅಂಬಾಸಿಡರ್ ಫ್ರಂಟ್’ ಎಂದಷ್ಟೇ ಕೇಳಿದರೆ ಯಾವುದೋ ಮಾಡೆಲಿನದು ಕೈಗೆ ಬರುತ್ತದೆ. ಕಪ್, ಕೋನ್ (ರೋಲರುಗಳಿರುವ ಒಳ ಉಂಗುರ), ಸೀಲ್ ಮೂರೂ ಹೊಸದೇ ಆಗಬೇಕು. ಹಳೆಯ ಕಪ್ಪಿಗೆ ಹೊಸ ಕೋನ್ ಹಾಕಿ ಹಣ ಉಳಿಸಲು ಹೋದರೆ ಎರಡೂ ಹಾಳು.

ಹಳೆಯ ಕಪ್ಪನ್ನು ಹಿತ್ತಾಳೆ ಸರಳಿನಿಂದ ಎದುರುಬದುರು ಜಾಗದಲ್ಲಿ ಸ್ವಲ್ಪಸ್ವಲ್ಪವೇ ತಟ್ಟಿ ಹೊರಡಿಸಿ. ಹೊಸದನ್ನು ಗಂಟೆಹೊತ್ತು ಫ್ರೀಜರಿನಲ್ಲಿಟ್ಟರೆ ಕೂದಲೆಳೆಯಷ್ಟು ಕುಗ್ಗಿ ಸಲೀಸಾಗಿ ಇಳಿಯುತ್ತದೆ. ತಟ್ಟುವಾಗ ಸದ್ದು ಕೇಳಿ: ಇಳಿಯುತ್ತಿರುವಾಗ ಮಂದವಾಗಿದ್ದದ್ದು ತಳ ಮುಟ್ಟಿದ ಕೂಡಲೇ ಗಟ್ಟಿಯಾಗಿ ಠಣ್ ಎನ್ನುತ್ತದೆ, ಅಲ್ಲಿಗೆ ನಿಲ್ಲಿಸಿ. ಕಪ್ ಹಬ್ಬಿನೊಳಗೆ ಕೈಯಲ್ಲೇ ತಿರುಗುವಷ್ಟು ಸಡಿಲವಿದ್ದರೆ ಪಂಚ್ ಹೊಡೆದು ಕೂರಿಸುವವರಿದ್ದಾರೆ. ಅದು ಊರು ಮುಟ್ಟಿಸೀತು, ವರ್ಷ ಬಾಳದು.

ಗ್ರೀಸ್ ಲಿಥಿಯಂ ಆಧಾರಿತ ವೀಲ್ ಬೇರಿಂಗ್ ಗ್ರೀಸೇ ಆಗಲಿ, ಹಳೆಯದರ ಮೇಲೆ ಬಳಿಯಬೇಡಿ. ಅಂಗೈಯಲ್ಲಿ ನಿಂಬೆಹಣ್ಣಿನ ಗಾತ್ರ ತೆಗೆದುಕೊಂಡು, ಬೇರಿಂಗಿನ ದಪ್ಪ ಅಂಚನ್ನು ಅದಕ್ಕೆ ಒತ್ತಿ ಒತ್ತಿ, ಇನ್ನೊಂದು ತುದಿಯಲ್ಲಿ ರೋಲರುಗಳ ನಡುವಿನಿಂದ ಗ್ರೀಸ್ ಹೊರಬರುವ ತನಕ ತುಂಬಿ. ಹಬ್ಬಿನ ಹೊಟ್ಟೆಗೆ ಮೂರನೇ ಒಂದು ಭಾಗ ಸಾಕು. ತುಂಬಿ ತುಳುಕಿಸಿದರೆ ಕಾದಾಗ ಸೀಲ್ ದಾಟಿ ಲೈನರಿಗೆ ಹತ್ತುತ್ತದೆ, ಆಮೇಲೆ ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ.

ಬೇರಿಂಗ್ ಸಾಯುವುದು ಹೆಚ್ಚಾಗಿ ನಟ್ ಬಿಗಿಯುವಾಗಲೇ. ರೋಲರ್ ಬೇರಿಂಗಿನ ನಟ್ಟನ್ನು ‘ಚೆನ್ನಾಗಿ ಟೈಟ್’ ಮಾಡಿದರೆ ಅದು ಕಾದು ಸಾಯುತ್ತದೆ. ಚಕ್ರ ತಿರುಗಿಸುತ್ತಲೇ ಸುಮಾರು 2 ಕೆ.ಜಿ.-ಮೀಟರ್ ಬಿಗಿಯಿರಿ. ಒಂದಡಿ ಪಾನಾದ ತುದಿಗೆ ಆರೇಳು ಕೆ.ಜಿ. ತೂಕದಷ್ಟು ಬಲ, ಅಷ್ಟೇ. ಅದು ರೋಲರುಗಳನ್ನು ಕೂರಿಸಲು. ಮತ್ತೆ ಪೂರ್ತಿ ಸಡಿಲಿಸಿ, ಬೆರಳಿನಲ್ಲೇ ತಿರುಗಿಸಿ ತಾಗಿಸಿ, ಪಿನ್ನಿನ ತೂತು ಹೊಂದದಿದ್ದರೆ ಹಿಂದಿನ ತೂತಿಗೆ ಬಿಡಿ, ಮುಂದಕ್ಕೆ ಎಂದೂ ಎಳೆಯಬೇಡಿ. ಉಳಿಯಬೇಕಾದ ಆಟ 0.03ರಿಂದ 0.12 ಮಿ.ಮೀ., ಅಂದಾಜು ದಿನಪತ್ರಿಕೆಯ ಒಂದು ಹಾಳೆಯ ದಪ್ಪ. ಟೈರ್ ಅಲ್ಲಾಡಿಸಿದರೆ ಕೈಗೆ ಸಣ್ಣದೊಂದು ‘ಟುಕ್’ ಗೊತ್ತಾಗಬೇಕು. ಹಬ್ಬಿನಲ್ಲಿ ರೋಲರ್ ಬದಲು ಗುಂಡಿನ ಬೇರಿಂಗ್, ನಡುವೆ ಸ್ಪೇಸರ್ ಕೊಳವೆ ಕಂಡರೆ ಈ ಲೆಕ್ಕ ನಡೆಯದು. ಅಲ್ಲಿ ನಟ್ಟನ್ನು ಆ ಕಾರಿನ ಮ್ಯಾನುಯಲ್ ಹೇಳಿದಷ್ಟು ಪೂರ್ತಿ ಬಿಗಿಯಬೇಕು. ಸ್ಪ್ಲಿಟ್ ಪಿನ್ ಎರಡಕ್ಕೂ ಹೊಸದು.

ಬ್ರೇಕ್ ಅಡ್ಜಸ್ಟ್ ಮಾಡಿ, 15–20 ಕಿ.ಮೀ. ಓಡಿಸಿ, ಬ್ರೇಕ್ ಹೆಚ್ಚು ಒತ್ತದೆ ನಿಲ್ಲಿಸಿ, ಎರಡೂ ಹಬ್ಬುಗಳನ್ನು ಹುಷಾರಾಗಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ನಟ್ ಬಿಗಿಯಾಗಿದೆ, ಇಲ್ಲವೇ ಶೂ ಹಿಡಿಯುತ್ತಿದೆ. ಹೊಸ ಕಪ್ ಹಾಕಿದ್ದರೆ ನೂರಿನ್ನೂರು ಕಿ.ಮೀ. ಆದ ಮೇಲೆ ಇನ್ನೊಮ್ಮೆ ಎತ್ತಿ ಆಟ ನೋಡಿ. ಕಪ್ ಇನ್ನಷ್ಟು ಒಳಗೆ ಕೂತು ನಟ್ ಒಂದು ತೂತು ಬಿಗಿ ಕೇಳುವುದುಂಟು.