ಮಗೂಗೆ ಟೆಕ್ ಸೂಟ್ ಕೊಡಿಸ್ತೀರಾ? ಮೊದ್ಲು ಉಲ್ಟಾ ಮಾಡಿ ಹೊಲಿಗೆ ನೋಡಿ

ಮೀಟ್, ಅಂದ್ರೆ ಈಜು ಸ್ಪರ್ಧೆ, ಹತ್ರ ಬಂತು ಅಂದ್ರೆ ಬೆಂಗಳೂರಿನ ಸ್ವಿಮಿಂಗ್ ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲಿ ಒಂದೇ ಪ್ರಶ್ನೆ, "ಯಾವ ಸೂಟ್ ತಗೊಂಡ್ರಿ?" ಸೂಟ್ ಅಂದ್ರೆ ಟೆಕ್ ಸೂಟ್, ರೇಸಲ್ಲಿ ವೇಗಕ್ಕೆ ಅಂತ್ಲೇ ಮೈಗೆ ಬಿಗಿಯಾಗಿ ಕೂರೋ ಈಜುಡುಗೆ. ಬಸವನಗುಡೀಲಿ ಈಜೋರಾಗ್ಲಿ ಹಲಸೂರಿನ ಕೆನ್ಸಿಂಗ್ಟನ್ ಪೂಲಲ್ಲಿ ಈಜೋರಾಗ್ಲಿ, ಪಕ್ಕದ ಲೇನ್ ಹುಡುಗ ಮಂಡಿವರೆಗೆ ಬರೋ ಕರೀ ಜ್ಯಾಮರ್ ಚಡ್ಡಿ ಹಾಕ್ಕೊಂಡು ಬಂದ ಅಂದ್ರೆ ಮುಗೀತು, ಮನೇಲಿ ಹಠ ಶುರು. 14ನೇ ವಯಸ್ಸಿಗೇ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ ಧಿನಿಧಿ ದೇಸಿಂಗು ನಮ್ಮೂರೋರು, ಶ್ರೀಹರಿ ನಟರಾಜ್ ನಮ್ಮೂರೋರು, ಮಕ್ಕಳು ಕನಸು ಕಾಣೋದು ಸಹಜಾನೇ. ಆದ್ರೆ ಹತ್ತು ವರ್ಷದ ಮಗೂಗೆ ದುಡ್ಡು ಸುರಿಯೋ ಮುಂಚೆ ರೂಲ್ಸ್ ಒಂದ್ಸಲ ನೋಡಿ.

ಈ ರಗಳೆ ಶುರುವಾಗಿದ್ದು ದೊಡ್ಡೋರಿಂದ. 2008ರಲ್ಲಿ ಸ್ಪೀಡೋದ ಎಲ್‌ಝಡ್‌ಆರ್ ರೇಸರ್ ಬಂತು, ಬಟ್ಟೇನ ನಾಸಾದ ವಿಂಡ್ ಟನಲಲ್ಲಿ ಟೆಸ್ಟ್ ಮಾಡಿದ್ರು, ಮೈನ ಬಿಗಿದು ಹಿಡಿಯೋ ಪಾಲಿಯುರೆಥೇನ್ (ರಬ್ಬರ್ ಥರದ ಪ್ಲಾಸ್ಟಿಕ್) ಪಟ್ಟಿ ಅದ್ರಲ್ಲಿತ್ತು. ಮುಂದಿನ ವರ್ಷ ಬೇರೆ ಕಂಪನಿಗಳು ಪೂರ್ತಿ ಪಾಲಿಯುರೆಥೇನ್ ಸೂಟೇ ತಂದ್ವು ನೋಡಿ, ರೋಮ್ ವಿಶ್ವ ಚಾಂಪಿಯನ್‌ಶಿಪ್ ಒಂದ್ರಲ್ಲೇ 43 ವಿಶ್ವದಾಖಲೆ ಪುಡಿಪುಡಿ, ಜರ್ಮನಿಯ ಪಾಲ್ ಬೀಡರ್‌ಮನ್ 200 ಮೀಟರ್ ಫ್ರೀಸ್ಟೈಲಲ್ಲಿ ಮೈಕೆಲ್ ಫೆಲ್ಪ್ಸ್‌ನೇ ಸೋಲಿಸಿ ಇದ್ರಲ್ಲಿ ಸೂಟಿನ ಪಾಲೂ ಇದೆ ಅಂತ ತಾನೇ ಒಪ್ಕೊಂಡ. ಆಗ ಜಾಗತಿಕ ಈಜು ಸಂಸ್ಥೆ ಫೀನಾದೋರು, ಅಂದ್ರೆ ಈಗಿನ ವರ್ಲ್ಡ್ ಅಕ್ವಾಟಿಕ್ಸ್, 2010ರ ಜನವರಿಯಿಂದ ಬರೀ ಬಟ್ಟೆ ಸೂಟಷ್ಟೇ ಅಂದ್ರು. ಗಂಡಸರಿಗೆ ಹೊಕ್ಕಳಿಂದ ಮಂಡಿವರೆಗೆ, ಹೆಂಗಸರಿಗೆ ಭುಜದಿಂದ ಮಂಡಿವರೆಗೆ, ದಪ್ಪ 0.8 ಮಿಲಿಮೀಟರ್ ದಾಟಂಗಿಲ್ಲ, ಜಿಪ್ ಇಲ್ಲ, ಒಂದ್ರ ಮೇಲೊಂದು ಸೂಟ್ ಹಾಕಂಗಿಲ್ಲ.

ಮಕ್ಕಳಿಗೆ ಇದಕ್ಕಿಂತ ಬಿಗಿ ರೂಲ್ ಮಾಡಿದ್ದು ಅಮೆರಿಕದ ಈಜು ಸಂಸ್ಥೆ, 2020ರ ಸೆಪ್ಟೆಂಬರ್ 1ರಿಂದ ಅಲ್ಲಿ 12 ವರ್ಷ ಮತ್ತು ಅದಕ್ಕಿಂತ ಚಿಕ್ಕೋರು ಮಾಮೂಲಿ ಮೀಟಲ್ಲಿ ಟೆಕ್ ಸೂಟ್ ಹಾಕಂಗೇ ಇಲ್ಲ. ನಂಗೆ ಈ ರೂಲ್ ಇಷ್ಟ ಆಗಿದ್ದು ಯಾಕಂದ್ರೆ ಅದು ಬ್ರ್ಯಾಂಡ್ ಕೇಳಲ್ಲ, ರೇಟ್ ಕೇಳಲ್ಲ, ಹೊಲಿಗೆ ಮತ್ತೆ ಬಟ್ಟೆ ಎರಡೇ ಕೇಳುತ್ತೆ, ಅದನ್ನ ನಾವು ಅಂಗಡೀಲೇ ನಿಂತು ಚೆಕ್ ಮಾಡ್ಬಹುದು.

ಹೇಗೆ ಅಂದ್ರೆ, ಅದು ಅಮೆರಿಕದ ರೂಲ್, ನಿಮ್ಮ ಮೀಟಿಗೆ ಏನು ರೂಲ್ ಅಂತ ತಿಳ್ಕೊಳ್ಳೋಕೆ ಮೊದ್ಲು ಮೀಟ್ ಸರ್ಕ್ಯುಲರ್ ಪೂರ್ತಿ ಓದಿ. ಗ್ರೂಪಲ್ಲಿ ಯಾರೋ ಫಾರ್ವರ್ಡ್ ಮಾಡಿದ್ದಲ್ಲ, ಪಿಡಿಎಫ್ಫೇ ತೆಗೆದು ನೋಡಿ, ಸ್ವಿಮ್‌ವೇರ್ ಬಗ್ಗೆ ಒಂದೇ ಒಂದು ಸಾಲಿದ್ರೂ ಕೋಚ್ ಸರ್‌ಗೆ ಕಳ್ಸಿ "ಇದಕ್ಕೆ ಇದು ಓಕೇನಾ ಸರ್" ಅಂತ ಕೇಳಿ.

ಆಮೇಲೆ ಅಂಗಡೀಲಿ ಸೂಟ್ ಉಲ್ಟಾ ಮಾಡಿ. ತೊಡೆ ಒಳಗಡೆ ಎರಡು ಬಟ್ಟೆ ಸೇರೋ ಜಾಗದ ಮೇಲೆ ಉಗುರು ಎಳೀರಿ. ಕರಕರ ಅಂತ ದಾರ ಸಿಕ್ತಾ, ಅದು ಹೊಲಿದಿದ್ದು. ದಾರಾನೇ ಇಲ್ದೆ ನುಣ್ಣಗೆ ಟೇಪ್ ಅಂಟಿಸಿದಂಗಿದ್ರೆ ಅದು ಅಂಟಿಸಿದ ಜಾಯಿಂಟ್, ಆ ರೂಲ್ ಪ್ರಕಾರ ಅದು ಚಡ್ಡಿ ಅಳತೇಲಿದ್ರೂ ಟೆಕ್ ಸೂಟೇ.

ಬಟ್ಟೆ ನೋಡೋದು ಸ್ವಲ್ಪ ಕಷ್ಟ. ಬನಿಯನ್ ಬಟ್ಟೆ ಥರ ಸಣ್ಣ ಸಣ್ಣ ಕುಣಿಕೆಯಲ್ಲಿ ಹೆಣೆದಿರೋದು ಒಂದು ಜಾತಿ, ಕೊಡೆ ಬಟ್ಟೆ ಥರ ಅಡ್ಡ ಎಳೆ ಉದ್ದ ಎಳೆ ಹಾಕಿ ನೇಯ್ದಿರೋದು ಇನ್ನೊಂದು. ಫೋನ್ ಕ್ಯಾಮೆರಾ ಝೂಮ್ ಮಾಡಿದ್ರೆ ಗೊತ್ತಾಗುತ್ತೆ. ಹೆಣೆದು ದಾರದಲ್ಲಿ ಹೊಲಿದಿದ್ರೆ ಮಂಡಿವರೆಗೂ ಇರ್ಬಹುದು, ನೇಯ್ದಿದ್ದು ಸೊಂಟ ದಾಟಿ ತೊಡೆ ಮೇಲೆ ಇಳೀತು ಅಂದ್ರೆ ಆ ರೂಲಲ್ಲಿ ಹಾಕಂಗಿಲ್ಲ.

ಇಲ್ಲೇ ಜನ ಮೋಸ ಹೋಗೋದು. ಸೂಟ್ ಮೇಲೆ ಫೀನಾ ಅಪ್ರೂವ್ಡ್ ಅಂತ ಮುದ್ರೆ ಇದೆ ನೋಡಿ ಮೇಡಂ ಅಂತಾರೆ ಅಂಗಡಿಯೋರು. ಆ ಮುದ್ರೆ ದೊಡ್ಡೋರ ರೂಲಿಂದು, ಮಕ್ಕಳ ರೂಲಿಗೂ ಅದಕ್ಕೂ ಸಂಬಂಧ ಇಲ್ಲ.

ನಾವೂ ಈ ಹಳ್ಳಕ್ಕೆ ಬಿದ್ದೋರೇ. ಅಕ್ಕನ ಮಗಳಿಗೆ ಹತ್ತು ವರ್ಷ, ಸಾವಿರಗಟ್ಟಲೆ ಕೊಟ್ಟು ಮಂಡಿವರೆಗಿನ ಸೂಟ್ ತಂದ್ವಿ, ಹೀಟಿಗೆ, ಅಂದ್ರೆ ಮೊದಲ ಸುತ್ತಿನ ರೇಸಿಗೆ, ಇನ್ನೂ ಅರ್ಧ ಗಂಟೆ ಇದೆ ಅಂತ ಡ್ರೆಸ್ಸಿಂಗ್ ರೂಮಲ್ಲಿ ಅಕ್ಕ ಒಂದ್ಕಡೆ ನಾನೊಂದ್ಕಡೆ ಹಿಡ್ಕೊಂಡು ಇಂಚಿಂಚು ಏರಿಸ್ತಾ ಇದ್ವಿ, ಸೊಂಟದ ಹತ್ರ ನನ್ನ ಉಗುರು ತಾಗಿ ಪರ್ ಅಂತ ಹರೀತು. ಮಗು ಕಣ್ಣೀರು ಒರೆಸ್ಕೊಂಡು ಬಣ್ಣ ಹೋದ ಪ್ರಾಕ್ಟೀಸ್ ಸೂಟಲ್ಲೇ ಈಜ್ತು, ಟೈಮಿಂಗ್ ಹಿಂದಿನ ಸಲದಷ್ಟೇ ಬಂತು. ಕೋಚ್ ಸರ್ ಸ್ಟಾಪ್‌ವಾಚ್ ನೋಡ್ತಾ, "ಗೋಡೆ ಹತ್ರ ಟರ್ನಲ್ಲಿ ಟೈಮ್ ಕಳ್ಕೊಳ್ತಾ ಇದಾಳೆ ಮೇಡಂ, ಸೂಟಲ್ಲಲ್ಲ" ಅಂದ್ರು.

ಹಾಗಾಗಿ ಹೊಲಿಗೆ ಇರೋ ಸಾದಾ ಸೂಟ್ ತಗೊಳ್ಳಿ. ಬೆಳೀತಾಳೆ ಅಂತ ಒಂದು ಸೈಜ್ ದೊಡ್ಡದು ಮಾತ್ರ ಬೇಡ, ಸ್ಕೂಲ್ ಯೂನಿಫಾರ್ಮ್ ಅಲ್ಲ ಇದು, ಡೈವ್ ಹೊಡೆದ ತಕ್ಷಣ ಒಳಗೆ ನೀರು ತುಂಬ್ಕೊಳ್ಳುತ್ತೆ. ಒದ್ದೆ ಮಾಡಿ ಹಾಕಿಸಿ ನೋಡಿ, ಭುಜದ ಪಟ್ಟಿ ಕೆಳಗೆ ಒಂದು ಬೆರಳು ಹೋದ್ರೆ ಸಾಕು. ಮೀಟಿಗೆ ಎರಡು ವಾರ ಮುಂಚೇನೇ ಪ್ರಾಕ್ಟೀಸಲ್ಲಿ ಒಂದೆರಡು ಸಲ ಹಾಕಿಸಿ, ಬ್ಯಾಗಲ್ಲಿ ಹಳೇ ಸೂಟೂ ಒಂದಿರ್ಲಿ, ಕ್ಯಾಪ್ ಎರಡಿರ್ಲಿ. ನಿಮ್ಮ ಉಗುರೂ ಹಿಂದಿನ ದಿನಾನೇ ಕತ್ತರಿಸ್ಕೊಳ್ಳಿ.